ಜರ್ಮನಿಯ ಹುಲ್ಲುಗಾವಲಿನಲ್ಲಿ ಭೀಮನ ಗದೆ

ಬೆಂಗಳೂರು ವಿಮಾನ ನಿಲ್ದಾಣ

ವಿದೇಶಕ್ಕೆ ಹೊರಟ ನಮ್ಮ ಕಡೆಯವರು ಸಾಮಾನ್ಯವಾಗಿ ಉಪ್ಪಿನಕಾಯಿಗೋ ಚಟ್ನಿಪುಡಿಗೋ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತಾರೆ. ನಾನು ಸಿಕ್ಕಿಬಿದ್ದದ್ದು ಗದೆಗೆ.

ಉದ್ದನೆಯ ರಟ್ಟಿನ ಪೆಟ್ಟಿಗೆ ಎಕ್ಸ್‌ರೇ ಯಂತ್ರದೊಳಗೆ ಹೋಯಿತು, ಹಿಂದಕ್ಕೆ ಬಂತು, ಮತ್ತೆ ಹೋಯಿತು. ಪರದೆಯ ಮುಂದೆ ಕುಳಿತಿದ್ದ ಹುಡುಗಿ ನನ್ನನ್ನು ಕೈಸನ್ನೆಯಲ್ಲಿ ಕರೆದಳು.

“ಸಾರ್, ಇದು ನಿಮ್ದಾ? ಒಳಗೇನಿದೆ?”

“ಗದೆ ಮೇಡಂ.”

“ಏನಂದ್ರಿ?”

“ಗದೆ. ಭೀಮಂದು.”

ಅವಳು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. ನೋಡಬೇಕಾದದ್ದೇ. ಐವತ್ತು ದಾಟಿದ, ದಪ್ಪ ಕನ್ನಡಕದ, ಗಾಳಿ ಬಂದರೆ ಕಂಬ ಹಿಡಿದುಕೊಳ್ಳಬೇಕಾದಂಥ ಸಣಕಲು ಆಳು ನಾನು. ಇದು ಫೋಮಿನಲ್ಲಿ ಮಾಡಿದ ಆಟದ ಗದೆ, ಮಗುವಿಗೆ ಹೊಡೆದರೂ ನೋಯುವುದಿಲ್ಲ ಎಂದು ವಿವರಿಸಿದೆ.

“ಅದು ಸರಿ ಸಾರ್. ಮೇಲ್ಗಡೆ ಉಂಡೆ ಒಳಗೆ ಚಿಕ್ಕದಾಗಿ ಗಟ್ಟಿ ಏನೋ ಕಾಣ್ತಿದೆಯಲ್ಲ, ಅದೇನು?”

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಮಂಗಳಾ ಮುಂದೆ ಬಂದು, “ಅದು ನಮ್ಮ ಮಾವ ಕಣಮ್ಮ,” ಅಂದುಬಿಟ್ಟಳು.

ಆ ಹುಡುಗಿ ಗಾಬರಿಯಾದದ್ದನ್ನು ಕಂಡು ನಾನೇ ಬಿಡಿಸಿ ಹೇಳಿದೆ. ಕಾಮಾಕ್ಷಿಪಾಳ್ಯದಲ್ಲಿ ನಮ್ಮದೊಂದು ಡ್ರಾಮಾ ಡ್ರೆಸ್ ಅಂಗಡಿ ಇದೆ. ಮಾಗಡಿ ರಸ್ತೆ, ಕೆಂಗೇರಿ, ತಾವರೆಕೆರೆ ಕಡೆಯ ಹಳ್ಳಿಯವರು ಪೌರಾಣಿಕ ನಾಟಕ ಆಡುವಾಗ ಕಿರೀಟ, ಭುಜಕೀರ್ತಿ, ಕತ್ತಿ, ಬಿಲ್ಲು, ಗದೆ ಎಲ್ಲ ನಮ್ಮಲ್ಲಿಂದಲೇ ಬಾಡಿಗೆಗೆ ಹೋಗುವುದು. ಅಂಗಡಿ ಹಾಕಿದವರು ತೀರಿಹೋದ ನಮ್ಮಪ್ಪ. ಅವರು ಹಾಕಿಕೊಟ್ಟ ಪದ್ಧತಿ ಒಂದಿದೆ. ಒಂದು ಆಯುಧ ಹಳೆಯದಾಗಿ ರಿಪೇರಿಗೂ ಬಾರದಂತಾದರೆ ಅದನ್ನು ಗುಜರಿಗೆ ಹಾಕುವ ಮುಂಚೆ ಅದರದ್ದೊಂದು ತುಣುಕು ತೆಗೆದು ಹೊಸ ಆಯುಧದೊಳಗೆ ಇಡಬೇಕು. ಅಪ್ಪ ಕೈಯಾರೆ ಮಾಡಿದ ಮರದ ಗದೆಯನ್ನು, ಆವೇಶ ಬಂದ ಭೀಮನೊಬ್ಬ ಸ್ಟೇಜಿಗೆ ಅಪ್ಪಳಿಸಿ ಸೀಳಿಹಾಕಿದ್ದ. ಅದರ ನೆತ್ತಿಯಲ್ಲಿದ್ದ ಹಿತ್ತಾಳೆಯ ಮೊಗ್ಗು ಮಾತ್ರ ಉಳಿದಿತ್ತು. ಆ ಮೊಗ್ಗನ್ನು ನಾನು ಈ ಹೊಸ ಗದೆಯ ಹೊಟ್ಟೆಯೊಳಗೆ ಇಟ್ಟು ಅಂಟು ಹಾಕಿದ್ದೆ.

ಹುಡುಗಿ ಇನ್ನೊಬ್ಬ ಅಧಿಕಾರಿಯನ್ನು ಕರೆದಳು. ಅವರು ಗದೆಯನ್ನು ಹಿಚುಕಿ ನೋಡಿ, ನಕ್ಕು, “ನಮ್ಮೂರಲ್ಲಿ ನಾನು ಒಂದ್ಸಲ ಅಭಿಮನ್ಯು ಮಾಡಿದ್ದೆ ಸಾರ್. ತಗೊಂಡು ಹೋಗಿ,” ಎಂದು ಬಿಟ್ಟುಕೊಟ್ಟರು. ಎಲ್ಲಿ ಹೋದರೂ ನಾಟಕದವರು ಸಿಗುತ್ತಾರೆ ಎಂದು ಮಂಗಳಾ ಖುಷಿಪಟ್ಟಳು.

ಇಷ್ಟಕ್ಕೂ ಗದೆ ಹೊತ್ತುಕೊಂಡು ಜರ್ಮನಿಗೆ ಯಾಕೆ ಹೊರಟೆ ಎಂಬುದನ್ನು ಹೇಳಬೇಕು. ಎರಡು ವರ್ಷದ ಹಿಂದೆ ಉಲ್ರಿಕೆ ಎಂಬ ಜರ್ಮನ್ ಹೆಂಗಸು ಆಟೋದಲ್ಲಿ ಮಾಗಡಿ ರಸ್ತೆಯಲ್ಲಿ ಹೋಗುವಾಗ ನಮ್ಮ ಅಂಗಡಿಯ ಮುಂದೆ ನೇತುಹಾಕಿದ್ದ ಕಿರೀಟಗಳನ್ನು ಕಂಡು ಇಳಿದುಬಿಟ್ಟರು. ಅವರು ಶಾಲೆಯೊಂದರಲ್ಲಿ ಮರಗೆಲಸ ಕಲಿಸುವ ಟೀಚರ್. ಸಂಜೆಯವರೆಗೂ ನಮ್ಮ ಕತ್ತಿ ಗುರಾಣಿಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. ತಮ್ಮ ದೇಶದಲ್ಲೂ ಇಂಥದ್ದೊಂದು ಆಟ ಇದೆ ಎಂದರು. ನೂರಾರು ಜನ ಒಂದು ಬಯಲಲ್ಲಿ ಡೇರೆ ಹಾಕಿ, ರಾಜರ, ಸೈನಿಕರ, ಕಳ್ಳರ ವೇಷ ಹಾಕಿ, ನಾಲ್ಕೈದು ದಿನ ಹಾಗೆಯೇ ಬದುಕುತ್ತಾರಂತೆ. ಹಳೆಯ ಕಾಲದ ಆಯುಧಗಳನ್ನು ಫೋಮಿನಲ್ಲಿ ಮಾಡಿಕೊಂಡು ಯುದ್ಧ ಮಾಡುತ್ತಾರಂತೆ. ಬರೆದ ಮಾತಿಲ್ಲ, ಸ್ಟೇಜಿಲ್ಲ, ಹಾರ್ಮೋನಿಯಂ ಇಲ್ಲ.

“ನೋಡೋಕೆ ಎಷ್ಟು ಜನ ಬರ್ತಾರೆ?” ಎಂದು ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಕೇಳಿದೆ.

ಯಾರೂ ಬರುವುದಿಲ್ಲ, ಅಲ್ಲಿ ಎಲ್ಲರೂ ಆಡುವವರೇ ಎಂದರು ಉಲ್ರಿಕೆ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಾನು ಹುಟ್ಟಿದಂದಿನಿಂದ ನಾಟಕದ ಜೊತೆಗೇ ಇದ್ದೇನೆ, ಆದರೆ ಒಮ್ಮೆಯೂ ವೇಷ ಹಾಕಿಲ್ಲ. ಆಯುಧದ ಟ್ರಂಕಿನ ಪಕ್ಕ, ಪರದೆಯ ಮರೆಯಲ್ಲಿ ನನ್ನ ಜಾಗ. ಯಾರದೋ ಕತ್ತಿಯ ಹಿಡಿ ಸಡಿಲವಾದರೆ, ಯಾರದೋ ಗದೆ ಕೈಜಾರಿದರೆ, ತಕ್ಷಣ ಇನ್ನೊಂದನ್ನು, ಅಪ್ಪ ಕಲಿಸಿದಂತೆ ಹಿಡಿ ಅವರ ಕಡೆ ಮಾಡಿ, ಕೈಗೆ ಕೊಡಬೇಕು. ಚಿಕ್ಕಂದಿನಲ್ಲಿ ನಾನೂ ಭೀಮ ಆಗ್ತೀನಿ ಎಂದು ಹಟ ಹಿಡಿದಾಗ ಅಪ್ಪ, “ನೀನು ಒಳಗೆ ಕೂತಿದ್ರೇನೇ ಕಣೋ ಆಚೆ ನಾಟಕ ನಡೆಯೋದು,” ಅಂದಿದ್ದರು. ಅವರೂ ಹಾಗೆಯೇ ಒಳಗೇ ಕೂತು ಕಾಲ ಕಳೆದವರು. ಒಂದು ನಾಟಕವನ್ನೂ ಅವರು ಎದುರಿನಿಂದ ನೋಡಿದವರಲ್ಲ. ಭೀಮನ ಮಾತುಗಳೆಲ್ಲ ನನಗೆ ಬಾಯಿಪಾಠ, ಆದರೆ ಹಳ್ಳಿಯವರು ಪಾತ್ರ ಹಂಚಿಕೊಳ್ಳುವಾಗ ಡ್ರೆಸ್ಸಿನವನನ್ನು ಯಾರು ಕೇಳುತ್ತಾರೆ?

ಹಾಗಾಗಿ ಉಲ್ರಿಕೆ ಬನ್ನಿ ಎಂದು ಕರೆದಾಗ ಹಿಂದೆಮುಂದೆ ನೋಡಲಿಲ್ಲ. ಅವರು ಕಳಿಸಿದ ವಿಡಿಯೋ ನೋಡಿಕೊಂಡು, ನಮ್ಮ ಹಿಂದಿನ ಕ್ರಾಸಿನಲ್ಲಿ ಚಪ್ಪಲಿಯ ಅಟ್ಟೆ ಕತ್ತರಿಸುವವರಿಂದ ಫೋಮ್ ಹಾಳೆ ತಂದು, ಗದೆ ಮಾಡಿದೆ. ಚಪ್ಪಲಿಯ ಸಾಮಾನಿನಲ್ಲಿ ಆಯುಧ ಮಾಡುವುದೇ ಎಂದು ಮನಸ್ಸು ಹಿಂದೇಟು ಹಾಕಿತು. ಮಂಗಳಾ ಹಾಳೆಗಳ ಮೇಲೆ ಅರಿಶಿನದ ನೀರು ಚಿಮುಕಿಸಿ, “ಈಗ ಫೋಮು ಮಡಿಯಾಯ್ತು, ಮಾಡಿ,” ಅಂದಳು. ಒಂದೇ ಒಂದು ಸಲ, ಗದೆ ಕೊಡುವವನಾಗಿ ಅಲ್ಲ, ಹಿಡಿಯುವವನಾಗಿ ಬಯಲಲ್ಲಿ ನಿಲ್ಲಬೇಕು. ನನ್ನ ಪ್ರವಾಸದ ಉದ್ದೇಶ ಇಷ್ಟೇ.

ಉಲ್ರಿಕೆಯ ಊರು

ಫ್ರಾಂಕ್‌ಫರ್ಟಿನಲ್ಲಿ ಇಳಿದು ರೈಲಿನಲ್ಲಿ ಹೋದರೆ ಉಲ್ರಿಕೆಯ ಊರು. ಎಷ್ಟು ಸದ್ದಿಲ್ಲದ ಊರೆಂದರೆ, ಮಂಗಳಾ ಸ್ಟೇಷನ್ನಿನಿಂದ ಮನೆಯವರೆಗೂ ಪಿಸುಮಾತಿನಲ್ಲೇ ಮಾತಾಡಿದಳು. ಬಾಗಿಲ ಬಳಿ ಛತ್ರಿ ಇಡುವ ಬುಟ್ಟಿಯಲ್ಲಿ ಛತ್ರಿಗಳ ನಡುವೆ ಎರಡು ಕತ್ತಿ, ಒಂದು ಬಾಕು. ನೆಲಮಾಳಿಗೆಗೆ ಹೋದರೆ ನಮ್ಮ ಅಂಗಡಿಯೇ. ಗೋಡೆಯುದ್ದಕ್ಕೂ ಗುರಾಣಿ, ಈಟಿ, ಕೊಡಲಿ. ನಮ್ಮಲ್ಲಿ ಎಲ್ಲಕ್ಕೂ ಬಂಗಾರದ ಬಣ್ಣ ಬಳಿಯುತ್ತೇವೆ, ದೂರಕ್ಕೆ ಥಳಥಳ ಹೊಳೆಯಬೇಕು. ಇವರು ಹೊಸ ಕತ್ತಿಗೆ ಕಷ್ಟಪಟ್ಟು ತುಕ್ಕಿನ ಬಣ್ಣ ಹಚ್ಚಿದ್ದರು, ಅಂಚಿನಲ್ಲಿ ಏಟು ಬಿದ್ದ ಗುರುತು ಕೆತ್ತಿದ್ದರು. ಹೊಸದನ್ನು ಹಳೆಯದು ಮಾಡಲು ಇಷ್ಟು ಒದ್ದಾಟವೇ ಎಂದು ಮೊದಲು ನಗು ಬಂತು. ಕೈಗೆ ತೆಗೆದುಕೊಂಡು ನೋಡಿದ ಮೇಲೆ ನಗು ನಿಂತಿತು. ಆ ಫೋಮಿನ ತುಂಡನ್ನು ಮುಟ್ಟುವವರೆಗೂ ಕಬ್ಬಿಣವಲ್ಲ ಎಂದು ನನ್ನಂಥವನಿಗೇ ಗೊತ್ತಾಗಲಿಲ್ಲ.

ಮಾರನೆಯ ಬೆಳಿಗ್ಗೆ ಬ್ರೆಡ್ ತರಲು ನಾವು ಮೂವರೂ ಹೊರಟೆವು. ರಸ್ತೆಯಲ್ಲಿ ಒಂದು ಗಾಡಿ ಇಲ್ಲ, ಒಂದು ನಾಯಿ ಇಲ್ಲ. ಆದರೂ ದಾಟುವ ಜಾಗದಲ್ಲಿ ಕೆಂಪು ದೀಪ ಇತ್ತೆಂದು ಒಬ್ಬ ದೈತ್ಯ ನಿಂತಿದ್ದ. ಎದೆಯವರೆಗೆ ಗಡ್ಡ, ಹೆಗಲ ಮೇಲೆ ಒಂದಾಳುದ್ದದ ಯುದ್ಧದ ಕೊಡಲಿ. ಹಸಿರು ದೀಪ ಬಂದ ಮೇಲೆ ಆಚೆಈಚೆ ನೋಡಿ, ಮರ್ಯಾದೆಯಿಂದ ದಾಟಿ ನಮ್ಮ ಕಡೆ ಬಂದ. ವಿಜಯನಗರದ ಸಿಗ್ನಲ್ಲಿನಲ್ಲಿ ಕೈಯಲ್ಲಿ ಬರೀ ಹೆಲ್ಮೆಟ್ ಹಿಡಿದವನೂ ಕೆಂಪು ದೀಪಕ್ಕೆ ನಿಲ್ಲುವುದಿಲ್ಲ. ಇಲ್ಲಿ ಕೊಡಲಿ ಹಿಡಿದವನು ನಿಂತಿದ್ದ!

ಅವನ ಹೆಸರು ಯೋರ್ಗ್. ಉಲ್ರಿಕೆಯ ಪಕ್ಕದ ಮನೆಯವನು, ಊರಿನ ಸಿಟಿ ಬಸ್ ಓಡಿಸುವವನು. ಆಟದಲ್ಲಿ ಮಾತ್ರ ಅವನು ಎದುರು ಪಕ್ಷ. ಕೊಡಲಿಗೆ ಹೊಸ ಬಣ್ಣ ಹೊಡೆಸಿಕೊಂಡು ಬರುತ್ತಿದ್ದನಂತೆ. ನಾನು ಗದೆ ತಂದಿದ್ದೇನೆ ಎಂದು ಉಲ್ರಿಕೆ ಹೇಳಿದಾಗ ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಬಯಲಲ್ಲಿ ಸಿಗೋಣ ಎಂದು ಸೊಂಟ ಬಾಗಿಸಿ ನಮಸ್ಕರಿಸಿದ.

“ಅವನು ಬಗ್ಗಿದ್ರೂ ನಿಮಗಿಂತ ಎತ್ತರ ಇದಾನೆ ಕಣ್ರೀ,” ಎಂದಳು ಮಂಗಳಾ.

ಬೆಟ್ಟದ ಮೇಲಿನ ಶಸ್ತ್ರಾಗಾರ

ಆಟಕ್ಕೆ ಹೋಗುವ ಮುಂಚೆ ನಿಜವಾದದ್ದನ್ನು ನೋಡಿ ಎಂದು ಉಲ್ರಿಕೆ ನಮ್ಮನ್ನು ಬೆಟ್ಟದ ಮೇಲಿನ ಹಳೆಯ ಕೋಟೆಗೆ ಕರೆದುಕೊಂಡು ಹೋದರು. ಒಳಗೆ ಸಾಲು ಸಾಲು ಗಾಜಿನ ಕಪಾಟು. ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿಗಳು, ಸೊಂಟಕ್ಕೆ ಸಿಕ್ಕಿಸುವ ಚೂರಿಗಳು, ಉದ್ದ ಕೋಲಿನ ತುದಿಯಲ್ಲಿ ಕೊಡಲಿಯೂ ಈಟಿಯೂ ಕೊಕ್ಕೆಯೂ ಒಟ್ಟಿಗೇ ಇರುವ ಒಂದು ವಿಚಿತ್ರ ಆಯುಧ. ಕುದುರೆಯ ಮೇಲಿನವನನ್ನು ಕೊಕ್ಕೆಯಲ್ಲಿ ಎಳೆದು ಬೀಳಿಸಿ, ಈಟಿಯಲ್ಲಿ ಚುಚ್ಚಿ, ಕೊಡಲಿಯಲ್ಲಿ ಮುಗಿಸುವುದಂತೆ. ಒಂದೇ ಕೋಲಿನಲ್ಲಿ ಇಷ್ಟು ಯೋಚನೆ ಮಾಡಿದ ಕಮ್ಮಾರನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಅಲ್ಲಿಯ ಮೇಲ್ವಿಚಾರಕಿ ಒಬ್ಬರು ಬಂದವರ ಕೈಗೆ ಹಳೆಯ ಕತ್ತಿಯ ತೂಕಕ್ಕೆ ಸರಿಯಾಗಿ ಮಾಡಿದ ಒಂದು ಮಾದರಿ ಕತ್ತಿ ಕೊಡುತ್ತಿದ್ದರು. ನಾನು ಉಸಿರು ಬಿಗಿಹಿಡಿದು, ಕಾಲು ಅಗಲಿಸಿ ನಿಂತು ತೆಗೆದುಕೊಂಡೆ. ಕತ್ತಿ ಹೂವಿನ ಹಾಗೆ ಮೇಲಕ್ಕೆ ಬಂತು! ಒಂದೂವರೆ ಕೆಜಿ ಇದ್ದರೆ ಹೆಚ್ಚು. ದಿನವಿಡೀ ಬೀಸಬೇಕಾದದ್ದು ಭಾರ ಇದ್ದರೆ ಹೇಗೆ ಎಂದು ಅವರು ನಕ್ಕರು. ಕತ್ತಿಯ ಮಧ್ಯದ ಉದ್ದ ತೋಡನ್ನು ತೋರಿಸಿ, ಇದು ರಕ್ತ ಹರಿದುಹೋಗಲಿಕ್ಕೆ ತಾನೇ ಎಂದು ನಾನು ತಿಳಿದವನಂತೆ ಕೇಳಿದೆ. ಅಲ್ಲವಂತೆ. ಗಟ್ಟಿತನ ಕಡಿಮೆಯಾಗದೆ ತೂಕ ಕಡಿಮೆಯಾಗಲಿ ಎಂದು ಲೋಹ ತೆಗೆದದ್ದಂತೆ. ನಮ್ಮಂಗಡಿಗೆ ಬಂದ ಎಷ್ಟೋ ಅರ್ಜುನರಿಗೆ ನಾನು ಆ ರಕ್ತದ ಕಥೆ ಹೇಳಿ ಹೆದರಿಸಿದ್ದೇನೆ, ಇನ್ನು ಮೇಲೆ ಬೇರೆ ಕಥೆ ಹುಡುಕಬೇಕು.

ನಾನು ಹುಡುಕುತ್ತಿದ್ದದ್ದು ಗದೆಯನ್ನು. ಕೊನೆಗೂ ಸಿಕ್ಕಿತು, ನಿರಾಸೆಯೂ ಆಯಿತು. ಅವರ ಗದೆ ಸಾರಿನ ಸೌಟಿನಷ್ಟಿದೆ. ಸಣ್ಣ ಕಬ್ಬಿಣದ ತಲೆ, ಅದಕ್ಕೆ ಸುತ್ತಲೂ ದಪ್ಪ ರೆಕ್ಕೆಗಳು. “ಅಯ್ಯೋ, ಇದೇನ್ರೀ, ತೆಂಗಿನಕಾಯಿ ಒಡೆಯೋಕೂ ಸಾಲಲ್ಲ,” ಎಂದಳು ಮಂಗಳಾ. ಆದರೆ ಹತ್ತಿರ ಹೋಗಿ ನೋಡಿದಾಗ ಅದರ ರೆಕ್ಕೆಯೊಂದು ಮಡಚಿಕೊಂಡಿತ್ತು. ಪಕ್ಕದಲ್ಲೇ ಇದ್ದ ಶಿರಸ್ತ್ರಾಣದಲ್ಲಿ ಒಂದು ಗುಳಿ. ಎರಡೂ ಒಂದೇ ಯುದ್ಧದವೋ ಅಲ್ಲವೋ, ನನಗಂತೂ ಮೈ ಜುಂ ಎಂದಿತು. ಅವರ ಗದೆ ಎದುರಿಗೆ ನಿಂತವನಿಗಾಗಿ ಮಾಡಿದ್ದು. ನಮ್ಮ ಗದೆ ಕೊನೆಯ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತವನಿಗಾಗಿ ಮಾಡಿದ್ದು, ಅದಕ್ಕೇ ಅಷ್ಟು ದಪ್ಪ.

ಮಂಗಳಾ ಬಹಳ ಹೊತ್ತು ಆ ಗುಳಿಯನ್ನೇ ನೋಡುತ್ತಿದ್ದಳು. “ಇದನ್ನ ಹಾಕ್ಕೊಂಡಿದ್ದೋನು ಮನೆಗೆ ಹೋದ್ನೋ ಇಲ್ವೋ,” ಅಂದಳು. ಕೋಟೆಯಿಂದ ಇಳಿಯುವಾಗ, ಫೋಮಿನಲ್ಲಿ ಯುದ್ಧ ಮಾಡುವ ಈ ಜನ ಹುಚ್ಚರಲ್ಲ, ಬಹಳ ಬುದ್ಧಿವಂತರು ಎನ್ನಿಸಿತು.

ಬಯಲು

ಬಯಲೆಂದರೆ ಕಣ್ಣು ಹಾಯಿಸಿದಷ್ಟೂ ಹುಲ್ಲು, ಅಂಚಿನಲ್ಲಿ ಕಾಡು, ನಡುವೆ ನೂರಾರು ಡೇರೆ. ಮೊಬೈಲುಗಳೆಲ್ಲ ಚೀಲದೊಳಗೆ. ರಾಜರು ಪಾತ್ರೆ ತೊಳೆಯುತ್ತಿದ್ದರು, ಕಳ್ಳರು ಈರುಳ್ಳಿ ಹೆಚ್ಚುತ್ತಿದ್ದರು. ಒಬ್ಬ ಮುದುಕ ಸಾಮಂತನನ್ನು ಶೌಚಾಲಯ ಎಲ್ಲಿ ಎಂದು ಕೇಳಿದ್ದಕ್ಕೆ, ಪೂರ್ವದಿಕ್ಕಿನಲ್ಲಿ ನೀಲಿ ಗುಡಿಸಲುಗಳಿವೆ, ಅಲ್ಲಿಗೆ ಹೋದ ಎಷ್ಟೋ ವೀರರು ಮರಳಿಲ್ಲ ಎಂದು ಗಂಭೀರವಾಗಿ ಹೇಳಿದ. ಪಾತ್ರ ಬಿಟ್ಟು ಆಚೆ ಬರುವುದೇ ಇಲ್ಲ ಈ ಜನ. ನಮ್ಮ ದುರ್ಯೋಧನ ಒಂದು ಪದ ಮುಗಿಸುತ್ತಿದ್ದಂತೆ ಪರದೆಯ ಹಿಂದೆ ಬಂದು, ಗುರು ಒಂದ್ ಟೀ ಕೊಡು ಅನ್ನುತ್ತಾನೆ.

ಪ್ರೇಕ್ಷಕರಿಗೆ ಜಾಗ ಇಲ್ಲದ್ದರಿಂದ ಮಂಗಳಾಳಿಗೂ ಒಂದು ಪಾತ್ರ ಬೇಕಾಯಿತು. ಭೀಮನ ಹೆಂಡತಿ ದ್ರೌಪದಿಯಾಗಲಿ ಎಂದೆ. “ಐದು ಜನರನ್ನ ಸಂಭಾಳಿಸೋದು ಯಾರ ಕೈಲಾಗುತ್ತೆ? ಒಬ್ಬರದೇ ಸಾಕಾಗಿದೆ. ನಾನು ಕುಂತಿ ಆಗ್ತೀನಿ, ಕೂತಲ್ಲೇ ಅಪ್ಪಣೆ ಕೊಡಬಹುದು,” ಎಂದು ಕುಂತಿಯಾಗಿ ಒಂದು ಮರದ ಕೊರಡಿನ ಮೇಲೆ ಆಸೀನಳಾದಳು.

ನನ್ನ ಮೊದಲ ಎಡವಟ್ಟು ಅಂದೇ ಆಯಿತು. ನಮ್ಮ ಪಕ್ಷದ ರಾಣಿಯನ್ನು ಭೇಟಿ ಮಾಡಿಸಲು ಉಲ್ರಿಕೆ ಕರೆದೊಯ್ದರು. ಇಷ್ಟು ದೊಡ್ಡ ರಾಣಿಗೆ ಎದೆಯ ಹತ್ತಿರ ಕೈಮುಗಿದರೆ ಸಾಲದು ಎಂದು, ದೇವಸ್ಥಾನದಲ್ಲಿ ಮುಗಿಯುವಂತೆ ಎರಡೂ ಕೈ ನೆತ್ತಿಯ ಮೇಲೆ ಜೋಡಿಸಿ ನಿಂತೆ. ರಾಣಿ ನನ್ನನ್ನು ನೋಡಲೇ ಇಲ್ಲ. ಪಕ್ಕದವರೂ ನೋಡಲಿಲ್ಲ. ಇನ್ನೂ ಭಕ್ತಿಯಿಂದ ಕೈ ಇನ್ನೂ ಮೇಲೆತ್ತಿದೆ. ಗಾಳಿಯನ್ನು ದಾಟಿಕೊಂಡು ಹೋಗುವಂತೆ ಎಲ್ಲರೂ ಹೋಗಿಬಿಟ್ಟರು. ಆಟದಿಂದ ಹೊರಗಿರುವವನು, ಅಂದರೆ ಕಣ್ಣಿಗೆ ಕಾಣದವನು, ಹೀಗೆ ತಲೆಯ ಮೇಲೆ ಕೈ ಇಟ್ಟುಕೊಳ್ಳಬೇಕೆಂಬುದು ಅಲ್ಲಿಯ ನಿಯಮವಂತೆ. ಉಲ್ರಿಕೆ ನಗು ತಡೆಯಲಾರದೆ ಡೇರೆಯೊಳಗೆ ಓಡಿದರು.

ಆದರೆ ಆ ಜನರ ಇನ್ನೊಂದು ನಿಯಮ ಕೇಳಿ ನಾನು ದಂಗಾದೆ. ಮೈಗೆ ಮೂರು ಏಟು ತಾಗಿದರೆ ಸತ್ತಂತೆ. ತಲೆಗೆ ಹೊಡೆಯುವಂತಿಲ್ಲ, ಜೋರು ಮಾಡದೆ ಕೈ ತಡೆದೇ ಹೊಡೆಯಬೇಕು. ಏಟು ಬಿತ್ತೋ ಇಲ್ಲವೋ ಎಂದು ಹೇಳುವ ಅಂಪೈರ್ ಯಾರೂ ಇಲ್ಲ, ಹೊಡೆಸಿಕೊಂಡವನೇ ಒಪ್ಪಿಕೊಳ್ಳಬೇಕು! ರಾಜಾಜಿನಗರದ ಮೈದಾನದಲ್ಲಿ ಸ್ಟಂಪ್ ಮೂರೂ ಹಾರಿಹೋದ ಮೇಲೂ ನೋ ಬಾಲ್ ಎಂದು ಜಗಳ ಆಡಿ ಬೆಳೆದವನು ನಾನು. ಯಾರೂ ಮೋಸ ಮಾಡಲ್ವಾ ಎಂದು ಕೇಳಿದೆ. ಮಾಡಬಹುದು, ಆದರೆ ಅಂಥವನ ಜೊತೆ ಆಮೇಲೆ ಯಾರು ಆಡುತ್ತಾರೆ ಎಂದರು ಉಲ್ರಿಕೆ.

ತಪಾಸಣೆಯ ಚಪ್ಪರ

ಯುದ್ಧದ ಹಿಂದಿನ ದಿನ ಎಲ್ಲರೂ ತಮ್ಮ ಆಯುಧಗಳನ್ನು ಒಂದು ಚಪ್ಪರಕ್ಕೆ ತರಬೇಕು. ಉದ್ದ ಮೇಜುಗಳ ಮೇಲೆ ಕತ್ತಿ, ಕೊಡಲಿ, ಈಟಿ, ಗುರಾಣಿಗಳನ್ನು ಜೋಡಿಸಿಟ್ಟು ಜನ ಸುಮ್ಮನೆ ಸಾಲಿನಲ್ಲಿ ನಿಂತಿದ್ದರು. ನಮ್ಮ ಅಂಗಡಿಯ ಆಯುಧಪೂಜೆಯೇ ಕಣ್ಣಮುಂದೆ ಬಂತು. ಮಂಗಳಾ ಸುಮ್ಮನಿರದೆ ಪರ್ಸಿನಿಂದ ಕುಂಕುಮ ತೆಗೆದು ಗದೆಗೆ ಒಂದು ಬೊಟ್ಟು ಇಟ್ಟಳು. ಪಕ್ಕದಲ್ಲಿದ್ದ ಸೈನಿಕ ಅವಳನ್ನೇ ನೋಡಿ ತನ್ನ ಈಟಿಯನ್ನೂ ಮುಂದೆ ಚಾಚಿದ. ಅದಕ್ಕೂ ಇಟ್ಟಳು. ಆಮೇಲೆ ಅವಳ ಮುಂದೆಯೇ ಒಂದು ಸಾಲಾಯಿತು.

ತಪಾಸಣೆ ಮಾಡುವವನು ಬಿಳಿ ಗಡ್ಡದ ಹಿರಿಯ. ಅವನ ಕೈ ನೋಡುವುದೇ ಒಂದು ಸೊಗಸು. ಕತ್ತಿಯನ್ನು ಬಗ್ಗಿಸಿ, ಒಳಗಿನ ಫೈಬರ್ ಕಡ್ಡಿ ತುದಿಗೆ ಚುಚ್ಚುತ್ತದೆಯೇ ಎಂದು ಅಂಗೈಗೆ ಒತ್ತಿ, ಅಂಚನ್ನು ಇಂಚಿಂಚೂ ಹಿಚುಕಿ, ಕೊನೆಗೆ ತನ್ನ ತೊಡೆಗೆ ತಾನೇ ಫಟ್ ಎಂದು ಹೊಡೆದುಕೊಳ್ಳುತ್ತಿದ್ದ. ಒಪ್ಪಿಗೆಯಾದರೆ ಹಿಡಿಗೆ ಒಂದು ಹಳದಿ ಪಟ್ಟಿ ಕಟ್ಟುತ್ತಿದ್ದ. ಪಟ್ಟಿ ಇಲ್ಲದ ಆಯುಧ ಬಯಲಿಗೆ ಇಳಿಯುವಂತಿಲ್ಲ.

ನನ್ನ ಗದೆ ಎತ್ತಿಕೊಂಡಾಗ ಅವನ ಹುಬ್ಬು ಮೇಲೇರಿತು. ಚಿನ್ನದ ಬಣ್ಣ, ಹೂವಿನ ಕೆತ್ತನೆ, ಮಣಿಸರ ಎಲ್ಲವನ್ನೂ ಬೆರಳಿನಿಂದ ಸವರಿ ಅಕ್ಕಪಕ್ಕದವರನ್ನು ಕರೆದು ತೋರಿಸಿದ. ನನಗೆ ಎದೆ ಉಬ್ಬಿತು. ಆಮೇಲೆ ಹಿಚುಕಲು ಶುರುಮಾಡಿದ. ಒಂದು ಕಡೆ ಅವನ ಹೆಬ್ಬೆರಳು ನಿಂತಿತು. ಮತ್ತೆ ಒತ್ತಿದ. ತಲೆಯಾಡಿಸಿದ.

ನನಗೆ ಆಗ ಹೊಳೆಯಿತು. ವಿಮಾನ ನಿಲ್ದಾಣದ ಹುಡುಗಿಗೆ ಯಂತ್ರದಲ್ಲಿ ಕಂಡದ್ದು ಇವನ ಹೆಬ್ಬೆರಳಿಗೆ ಸಿಕ್ಕಿತ್ತು. ಫೋಮಿನೊಳಗೆ ಗಟ್ಟಿ ವಸ್ತು ಇಡಬಾರದು ಎಂದು ಉಲ್ರಿಕೆ ವಿಡಿಯೋದಲ್ಲಿ ಹೇಳಿದ್ದರು. ಕಲ್ಲು, ಮೊಳೆ, ಮರ ಯಾವುದೂ ಇಡದೆ ಎಚ್ಚರದಿಂದಲೇ ಮಾಡಿದ್ದೆ. ಆದರೆ ಮೊಗ್ಗನ್ನು ನಾನು ವಸ್ತು ಎಂದು ಎಣಿಸಿಯೇ ಇರಲಿಲ್ಲ! ನಮ್ಮಂಗಡಿಯಲ್ಲಿ ಹಳೆಯ ತುಣುಕು ಇಡದೆ ಹೊಸ ಆಯುಧ ಮುಚ್ಚಿದವರಿಲ್ಲ. ಅದು ಅಡುಗೆಗೆ ಉಪ್ಪು ಹಾಕಿದಷ್ಟೇ ಸಹಜ ನನಗೆ.

ಉಲ್ರಿಕೆ ಹಿರಿಯನಿಗೆ ಎಲ್ಲವನ್ನೂ ವಿವರಿಸಿದರು. ಅವನು ಟೋಪಿ ತೆಗೆದು ಕೇಳಿಸಿಕೊಂಡ. ಆಮೇಲೆ ನಿಧಾನವಾಗಿ ಹೇಳಿದ. ಇದು ಹೀಗೆಯೇ ಬಯಲಿಗೆ ಹೋಗುವಂತಿಲ್ಲ, ಯಾರದಾದರೂ ಪಕ್ಕೆಲುಬು ಮುರಿದೀತು. ಬೇಕಾದರೆ ರಾಣಿಯ ಡೇರೆಯಲ್ಲಿ ಗೌರವದಿಂದ ಅಲಂಕಾರಕ್ಕೆ ಇಡುತ್ತೇವೆ. ಇಲ್ಲದಿದ್ದರೆ ಕೊಯ್ದು ಒಳಗಿನದನ್ನು ತೆಗೆಯಬೇಕು. ಕೊಯ್ಯುವುದು ನಿಮ್ಮಿಷ್ಟ, ನಾನು ಮಾಡಲಾರೆ ಎಂದು ಮೇಜಿನ ಮೇಲೆ ಒಂದು ಕಟರ್ ಇಟ್ಟ.

ನನಗೆ ಕೈ ಬರಲಿಲ್ಲ. ಮೊಗ್ಗು ಒಳಗಿದ್ದರೆ ಗದೆ ಡೇರೆಯೊಳಗೆ, ನಾನು ಅದರ ಪಕ್ಕದಲ್ಲಿ. ಏಳು ಸಮುದ್ರ ದಾಟಿ ಬಂದರೂ ಅದೇ ಜಾಗ. ಮೊಗ್ಗು ತೆಗೆದರೆ ಅದು ಬರೀ ಚಪ್ಪಲಿ ಫೋಮು, ನಮ್ಮಂಗಡಿಯ ಗದೆಯೇ ಅಲ್ಲ. ಸಾಲಿನಲ್ಲಿದ್ದ ಅಷ್ಟು ಜನ ಕಾಯುತ್ತಿದ್ದರು. ಬೇಗ ಮಾಡ್ರೀ ಎಂದು ಒಬ್ಬರೂ ಅನ್ನಲಿಲ್ಲ. ಕಣ್ಣಲ್ಲಿ ನೀರು ಬಂತು, ಅದನ್ನು ಬಚ್ಚಿಡುವುದಕ್ಕೂ ಆಗಲಿಲ್ಲ.

ಮಂಗಳಾ ಕಟರ್ ಎತ್ತಿ ನನ್ನ ಕೈಗೆ ಕೊಟ್ಟಳು. “ಮಾವ ಒಳಗೇ ಇರ್ಬೇಕು ಅಂತ ಯಾರ್ರೀ ಹೇಳಿದ್ದು? ಜೀವಮಾನವೆಲ್ಲ ಪರದೆ ಹಿಂದೆ ಕೂತು ಬರೀ ಸದ್ದು ಕೇಳಿಸ್ಕೊಂಡೋರು ಅವರು. ಒಂದ್ಸಲ ಆಚೆ ಕೂತು ನೋಡ್ಲಿ ಬಿಡಿ. ಕೊಯ್ಯಿರಿ.”

ಕೊಯ್ದೆ. ಮೊಗ್ಗು ಹೊರಬಂದಾಗ ಫೋಮಿನ ಅರಿಶಿನ ಹತ್ತಿದ್ದ ಕಡೆ ಇನ್ನೂ ಹಳದಿಯಾಗಿತ್ತು. ಮಂಗಳಾ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಉಲ್ರಿಕೆ ತಂದ ಫೋಮಿನ ಚೂರನ್ನು ತೂತಿಗೆ ತುಂಬಿ ಅಂಟು ಹಚ್ಚಿದೆವು. ಆ ಅಂಟಿನ ವಾಸನೆ ಮೂಗಿಗೆ ಬಿದ್ದದ್ದೇ ನಮ್ಮ ಕ್ರಾಸು, ಅಟ್ಟೆ ಕತ್ತರಿಸುವ ಮಿಷನ್ನು, ಪಕ್ಕದ ಗಾರ್ಮೆಂಟ್ಸಿನ ಮಧ್ಯಾಹ್ನದ ಸೈರನ್ನು ಎಲ್ಲ ನೆನಪಾದವು. ಹಿರಿಯ ಮತ್ತೆ ಹಿಚುಕಿದ, ತೊಡೆಗೆ ಹೊಡೆದುಕೊಂಡ, ನಕ್ಕ. ಹಳದಿ ಪಟ್ಟಿಯನ್ನು ಕಟ್ಟುವ ಮುಂಚೆ ಅದನ್ನು ಮಂಗಳಾಳ ಮುಂದೆ ಹಿಡಿದು, ಇದಕ್ಕೂ ಒಂದು ಬೊಟ್ಟು ಎಂದು ಕೇಳಿದ.

ಯುದ್ಧ

ಬೆಳಿಗ್ಗೆ ಮಂಗಳಾ ನನಗೆ ಕಿರೀಟ ಕಟ್ಟಿ, ಮೀಸೆ ಅಂಟಿಸಿ, ದೃಷ್ಟಿಬೊಟ್ಟು ಇಟ್ಟಳು. ಎಷ್ಟು ಜನ ಭೀಮರಿಗೆ ನಾನು ಈ ಕಿರೀಟ ಕಟ್ಟಿದ್ದೇನೋ! ಕಟ್ಟಿಸಿಕೊಳ್ಳುವಾಗ ಕಿವಿಯ ಹತ್ತಿರ ದಾರ ಇಷ್ಟು ನೋಯುತ್ತದೆಂದು ಗೊತ್ತೇ ಇರಲಿಲ್ಲ.

ಎರಡು ಸೈನ್ಯ ಎದುರುಬದುರು ನಿಂತವು. ಕಹಳೆ ಮೊಳಗಿತು. ಬಾಯಿ ತೆರೆದೊಡನೆ ಇಷ್ಟು ವರ್ಷ ಪರದೆಯ ಮರೆಯಲ್ಲಿ ಗುನುಗುತ್ತಿದ್ದ ಭೀಮನ ಗರ್ಜನೆ ತಾನಾಗಿಯೇ ಹೊರಬಂತು. ನನ್ನ ಪಕ್ಕದವರು ಬೆಚ್ಚಿ ನನ್ನನ್ನೇ ನೋಡಿದರು. ಆಮೇಲೆ ಅವರೂ ಅರ್ಥವಾಗದ ಆ ಕನ್ನಡವನ್ನು ತಮಗೆ ಬಂದ ಹಾಗೆ ಕೂಗುತ್ತಾ ನನ್ನ ಜೊತೆ ನುಗ್ಗಿದರು.

ಒಬ್ಬ ಈಟಿಯವನು ನನ್ನ ಗದೆ ತಾಗಿದೊಡನೆ, ಹೌದು ಬಿತ್ತು ಎಂದು ಕೂಗಿ ತಾನೇ ಲೆಕ್ಕ ಹಿಡಿದ. ಮೂರನೆಯದಕ್ಕೆ ಸೊಗಸಾಗಿ ಸತ್ತುಬಿದ್ದ. ನಾನು ನಿಂತು ಸಾರಿ ಎಂದೆ. ಸತ್ತವನು ಮಲಗಿದಲ್ಲಿಂದಲೇ ಮುಂದೆ ಹೋಗು ಎಂದು ಕೈಮಾಡಿದ. ಅಷ್ಟರಲ್ಲಿ ಎದುರಿಗೆ ಯೋರ್ಗ್.

ಅವನು ಕೊಡಲಿ ಬೀಸಿದ, ನಾನು ತಪ್ಪಿಸಿಕೊಂಡೆ. ಮತ್ತೆ ಬೀಸಿದ, ನಾನು ಗದೆ ಅಡ್ಡ ಹಿಡಿದೆ. ಬೆವರಿಗೋ ಏನೋ, ಕೊಡಲಿ ಅವನ ಕೈಜಾರಿ ಹಾರಿಹೋಗಿ ಹುಲ್ಲಿನಲ್ಲಿ ಬಿತ್ತು. ಸುತ್ತಲಿದ್ದ ನಮ್ಮವರೆಲ್ಲ, ಹೊಡಿ ಹೊಡಿ ಎಂದು ಅರಚಿದರು.

ಆಮೇಲೆ ನಾನು ಮಾಡಿದ್ದನ್ನು ನನ್ನ ತಲೆ ಮಾಡಲಿಲ್ಲ, ಕೈಕಾಲು ಮಾಡಿದವು. ಪಾತ್ರಧಾರಿಯ ಆಯುಧ ಬಿದ್ದ ಸದ್ದು ಕೇಳಿದರೆ ಅವು ಬೇರೇನನ್ನೂ ನೋಡುವುದಿಲ್ಲ. ಗದೆಯನ್ನು ಅಲ್ಲೇ ಕೆಳಗಿಟ್ಟು ಓಡಿದೆ, ಕೊಡಲಿ ಎತ್ತಿದೆ, ಮಣ್ಣು ಒರೆಸಿದೆ, ಬಗ್ಗಿ ಬಂದು, ಹಿಡಿಯನ್ನು ಅವನ ಕಡೆ ಮಾಡಿ, ಎರಡೂ ಕೈಯಲ್ಲಿ ಯೋರ್ಗ್‌ನಿಗೆ ಕೊಟ್ಟೆ. ಕೊಟ್ಟು, ಅಭ್ಯಾಸಬಲದಿಂದ ಪರದೆಯ ಮರೆಗೆ ಸರಿಯಲು ಪಕ್ಕಕ್ಕೆ ತಿರುಗಿದೆ. ಅಲ್ಲಿ ಪರದೆ ಎಲ್ಲಿಂದ ಬರಬೇಕು? ಬರೀ ಬಯಲು.

ಸುತ್ತ ಗದ್ದಲ ನಿಂತುಹೋಯಿತು. ಶತ್ರುವಿಗೆ ಆಯುಧ ಕೊಟ್ಟು ಬರಿಗೈಯಲ್ಲಿ ನಿಂತಿದ್ದ ಭೀಮ, ಒಂದು ಕಡೆ ಮೀಸೆ ಕಿತ್ತು ನೇತಾಡುತ್ತಿದೆ. ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಂದೇ ಒಂದು ಸಲ ಹಿಡಿಯುವವನಾಗಬೇಕು ಎಂದು ಬಂದವನು ಇಲ್ಲಿಯೂ ಕೊಡುವವನೇ ಆಗಿಬಿಟ್ಟೆನಲ್ಲ!

ಯೋರ್ಗ್ ಕೊಡಲಿಯನ್ನು ನೋಡಿದ, ನನ್ನನ್ನು ನೋಡಿದ. ಕೊಡಲಿಯನ್ನು ನೆಲಕ್ಕೆ ಊರಿ ನಿಲ್ಲಿಸಿ ಪಕ್ಕದ ಸೈನಿಕನ ಕೈಗೆ ಒಪ್ಪಿಸಿದ. ನನ್ನ ಗದೆ ಬಿದ್ದಿದ್ದಲ್ಲಿಗೆ ಹೋದ. ಎತ್ತಿಕೊಂಡ. ಅಂಟಿಸಿದ್ದ ಕಡೆ ಹತ್ತಿದ್ದ ಹುಲ್ಲನ್ನು ದೊಡ್ಡ ಬೆರಳುಗಳಿಂದ ಒಂದೊಂದಾಗಿ ತೆಗೆದ. ನನ್ನ ಮುಂದೆ ಬಂದು, ಒಂದು ಮೊಣಕಾಲು ಊರಿ, ನಾನು ಕೊಟ್ಟಿದ್ದ ಹಾಗೆಯೇ ಹಿಡಿ ನನ್ನ ಕಡೆ ಮಾಡಿ, ಎರಡೂ ಕೈಯಲ್ಲಿ ಚಾಚಿದ.

ಬುದ್ಧಿ ಬಂದಾಗಿನಿಂದ ಆಯುಧ ಕೊಟ್ಟವನು ನಾನು. ನನಗೆ ಯಾರೂ ಎತ್ತಿ ಕೊಟ್ಟಿರಲಿಲ್ಲ. ತೆಗೆದುಕೊಳ್ಳುವಾಗ ಕೈ ಹೇಗೆ ಹಿಡಿಯಬೇಕೆಂಬುದೇ ನನಗೆ ತಿಳಿಯಲಿಲ್ಲ. ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡೆ.

ಆಮೇಲೆ ಹೋರಾಡಿದೆವು. ನಾನು ಎರಡು ಏಟು ಹೊಡೆದೆ, ಎರಡನ್ನೂ ಯೋರ್ಗ್ ಗಟ್ಟಿಯಾಗಿ ಕೂಗಿ ಒಪ್ಪಿಕೊಂಡ. ಅವನು ಮೂರು ಹೊಡೆದ. ಮೂರನೆಯದು ನನ್ನ ಸೊಂಟದ ಪಟ್ಟಿಗೆ ತಾಗಿತೋ ಇಲ್ಲವೋ, ಬೇಕಾದರೆ ಇಲ್ಲ ಎನ್ನಬಹುದಿತ್ತು. “ಬಿತ್ತು!” ಎಂದು ಕನ್ನಡದಲ್ಲೇ ಕೂಗಿ ಹುಲ್ಲಿನ ಮೇಲೆ ಮಲಗಿದೆ. ನಮ್ಮ ನಾಟಕದಲ್ಲಿ ಭೀಮ ಸಾಯುವುದೇ ಇಲ್ಲ. ನಾನು ಸತ್ತು ಮಲಗಿ ಆಕಾಶ ನೋಡಿದೆ. ಜೀವನದಲ್ಲಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಕಹಳೆ ಮತ್ತೆ ಮೊಳಗಿದಾಗ ಸತ್ತವರೆಲ್ಲ ಎದ್ದು ಮೈ ಕೊಡವಿಕೊಂಡು ಶತ್ರುಗಳನ್ನು ತಬ್ಬಿಕೊಂಡರು. ನಾನು ಕೊರಡಿನ ಮೇಲೆ ಕೂತಿದ್ದ ಕುಂತಿಯ ಬಳಿ ಹೋದೆ. ಅವಳ ಬಲಗೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇತ್ತು. ಅಂಗೈಯಲ್ಲಿ ಹಿತ್ತಾಳೆಯ ಮೊಗ್ಗು.

“ಕೈ ನೋವು ಬಂತು ಕಣ್ರೀ. ಶುರುವಿಂದ ಹೀಗೇ ಎತ್ತಿ ಹಿಡ್ಕೊಂಡಿ‌ದೀನಿ. ಮಾವಂಗೆ ಕಾಣ್ಬೇಕಲ್ಲ.”

“ಏನಂದ್ರು?” ಎಂದು ಕೇಳಿದೆ.

ಮಂಗಳಾ ಮೊಗ್ಗನ್ನು ನನ್ನ ಕೈಗಿಟ್ಟು, ನೇತಾಡುತ್ತಿದ್ದ ಮೀಸೆಯನ್ನು ಒತ್ತಿ ಅಂಟಿಸಿದಳು.

“ಸೋತ್ರೆ ಸೋಲ್ಲಿ, ಹಿಡಿ ಮುಂದೆ ಮಾಡಿ ಕೊಟ್ಟ ನನ್ ಮಗ, ಅಂದ್ರು.”